ಆಟದ ಕಲ್ಲು ಗೇಟಿನ ಹೊರಗಿರಲಿ



ಹೊಸದುರ್ಗ ತಾಲೂಕಿನ ಶ್ರೀರಾಂಪುರದಲ್ಲಿ ಸಂಜೆ ನೀವು ಬಸ್ಸಿಗೆ ಕಾಯುತ್ತಿದ್ದೀರಿ ಎಂದುಕೊಳ್ಳಿ. ಸುತ್ತ ಹತ್ತು ಜನರಿದ್ದಾರೆ. ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲರ ತಲೆಯೂ ಕೆಳಗೆ. ಅರ್ಧ ಗಂಟೆ ಜೊತೆಯಲ್ಲಿದ್ದರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ಅದೇ ಜಾಗದಲ್ಲಿ ಒಂದು ಕಲ್ಲುಚಪ್ಪಡಿ, ಅದರ ಮೇಲೆ ಚೌಕಾಬಾರದ ಮನೆ, ತೇಯ್ದ ನಾಲ್ಕು ಹುಣಸೆ ಬೀಜ ಇದ್ದಿದ್ದರೆ ಏನಾಗುತ್ತಿತ್ತು?

ಇದು ಹೊಸ ಯೋಚನೆಯೇನಲ್ಲ. ಹಂಪಿಗೆ ಹೋದಾಗ ನಾವು ತಲೆಯೆತ್ತಿ ಗೋಪುರ ನೋಡುತ್ತೇವೆ, ಕಾಲ ಕೆಳಗಿನ ಹಾಸುಗಲ್ಲು ನೋಡುವುದಿಲ್ಲ. ಅಲ್ಲಿನ ಜಗುಲಿ, ಮಂಟಪಗಳ ಕಲ್ಲಿನಲ್ಲಿ ಆಟದ ಮನೆಗಳನ್ನು ಕೊರೆದಿದ್ದಾರೆ. ನಮ್ಮ ನವಕಂಕರಿಯನ್ನೇ ತೆಗೆದುಕೊಳ್ಳಿ: ಒಂದರೊಳಗೊಂದು ಮೂರು ಚೌಕ, ಅವುಗಳನ್ನು ನಡುವೆ ಕೂಡಿಸುವ ಗೆರೆಗಳು, 24 ಮನೆ, ಇಬ್ಬರಿಗೂ ಒಂಬತ್ತೊಂಬತ್ತು ಕಾಯಿ. ಇದೇ ಆಟದ ಮನೆ ಇಂಗ್ಲೆಂಡಿನ ಕ್ಯಾಂಟರ್ಬರಿ, ಸಾಲಿಸ್ಬರಿ ಮಹಾದೇವಾಲಯಗಳ ಪಡಸಾಲೆಯ ಕಲ್ಲಿನ ಆಸನಗಳ ಮೇಲೂ ಇದೆ. ಪ್ರಾರ್ಥನೆಯ ಜಾಗದ ಪಕ್ಕದಲ್ಲೇ ಆಟಕ್ಕೂ ಜಾಗ!

"ಫಾದರ್, ಆಟಕ್ಕೂ ವಿಶ್ವಾಸಕ್ಕೂ ಏನು ಸಂಬಂಧ?" ಎಂದು ನೀವು ಕೇಳಬಹುದು. ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದರು. ದಣಿದ ದೇಹಕ್ಕೆ ವಿಶ್ರಾಂತಿ ಬೇಕಾದಂತೆ ದಣಿದ ಮನಸ್ಸಿಗೂ ವಿಶ್ರಾಂತಿ ಬೇಕು, ಹಿತಮಿತವಾದ ಆಟ ಅದನ್ನು ಕೊಡುತ್ತದೆ ಎಂಬುದು ಅವರ ವಿಚಾರ. ಅದಕ್ಕೆ ಒಂದು ಹಳೆಯ ಕಥೆಯನ್ನೂ ಹೇಳುತ್ತಾರೆ. ಸಂತ ಯೊವಾನ್ನರು ಶಿಷ್ಯರೊಡನೆ ಆಡುತ್ತಿದ್ದುದನ್ನು ಕಂಡು ಕೆಲವರು ಬೇಸರಗೊಂಡರು. ಅವರಲ್ಲಿ ಒಬ್ಬನ ಕೈಯಲ್ಲಿ ಬಿಲ್ಲಿತ್ತು. ಬಾಣ ಬಿಡು ಎಂದರು ಯೊವಾನ್ನರು. ಹಲವು ಬಾರಿ ಬಿಟ್ಟ. ಹೀಗೇ ಬಿಡುತ್ತಲೇ ಇರಬಲ್ಲೆಯಾ ಎಂದು ಕೇಳಿದಾಗ, ಬಿಲ್ಲು ಮುರಿದೀತು ಎಂದ. ಮನಸ್ಸೂ ಹಾಗೆಯೇ ಎಂದರು ಸಂತರು.

ಆಟದ ಕಲ್ಲು ಏನು ಕಲಿಸುತ್ತದೆ? ಮೊದಲನೆಯದು, ಎಚ್ಚರ. ಮನಸ್ಸು ಎಲ್ಲೋ ಇದ್ದರೆ ಕಾಯಿ ಹೋಯಿತು. ಎರಡನೆಯದು, ತಾಳ್ಮೆ. ನನ್ನ ಸರದಿ ಬರುವವರೆಗೆ ನಾನು ಕಾಯಬೇಕು. ಮೂರನೆಯದು, ಸಮಾನತೆ. ಆಡಬೇಕಾದರೆ ಎದುರಿಗೆ ಒಬ್ಬರು ಬೇಕು, ಅವರೂ ನನ್ನಷ್ಟೇ ಎತ್ತರದಲ್ಲಿ ಕೂರಬೇಕು.

ಈ ಮೂರನೆಯ ಪಾಠವೇ ನಮಗೆ ಕಷ್ಟ. ಅರಳಿಕಟ್ಟೆಯನ್ನು ಹೊಗಳುವಾಗ ನಾವು ಒಂದು ಸತ್ಯವನ್ನು ಮರೆಯುತ್ತೇವೆ. ಅನೇಕ ಊರುಗಳಲ್ಲಿ ಆ ಕಟ್ಟೆ ಎಲ್ಲರದಾಗಿರಲಿಲ್ಲ. ದಲಿತ ಬಂಧುಗಳು ಕೆಳಗೆ ನಿಲ್ಲಬೇಕಿತ್ತು, ಹೆಣ್ಣುಮಕ್ಕಳು ತಲೆ ತಗ್ಗಿಸಿ ದಾಟಿಹೋಗಬೇಕಿತ್ತು. ಸಿರಿವಂತನಿಗೆ ಒಳ್ಳೆಯ ಆಸನ ಕೊಟ್ಟು ಬಡವನನ್ನು ಕಾಲ ಬಳಿ ಕೂರಿಸುವವರನ್ನು ಸಂತ ಯಕೋಬರು ತಮ್ಮ ಪತ್ರದ ಎರಡನೆಯ ಅಧ್ಯಾಯದಲ್ಲಿ ಕಟುವಾಗಿ ಖಂಡಿಸಿದ್ದಾರೆ. ನಾವೇನು ಕಡಿಮೆಯೇ? ಬಲಿಪೂಜೆ ಮುಗಿದ ಕೂಡಲೇ ದೇವಾಲಯದ ಗೇಟಿಗೆ ಬೀಗ ಬೀಳುತ್ತದೆ. ಆ ಬೀಗದ ಕೈ ನನ್ನ ಬಳಿಯೇ ಇದೆ ಎಂದು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಆದುದರಿಂದ ಆಟದ ಕಲ್ಲು ಗೇಟಿನ ಹೊರಗಿರಲಿ. ಹೊಂಗೆಯ ಅಥವಾ ಬೇವಿನ ನೆರಳಿನಲ್ಲಿರಲಿ. ಮಂಡಿ ನೋವಿನ ಅಜ್ಜಿಯೂ ಕೂರುವಂತೆ ಒಂದೂವರೆ ಅಡಿ ಎತ್ತರದ ಕಟ್ಟೆ ಒಂದು, ಮಕ್ಕಳಿಗೆ ನೆಲದ ಮೇಲೆ ಇನ್ನೊಂದು. ಕಲ್ಲು ಕೊರೆಸಲು ಆಗದಿದ್ದರೆ ಹಸಿ ಸಿಮೆಂಟಿನ ಮೇಲೆ ಮೊಳೆಯಿಂದ ಗೆರೆ ಎಳೆದರೂ ಸಾಕು. ಕಾಯಿಗಳು ಕಳೆದುಹೋಗುತ್ತವೆ ಎಂಬ ಚಿಂತೆ ಬೇಡ, ಬೆಣಚುಕಲ್ಲು, ಹುಣಸೆ ಬೀಜ ಎಲ್ಲೆಡೆ ಸಿಗುತ್ತವೆ. ದಯವಿಟ್ಟು ದಾನಿಗಳ ಹೆಸರು ಕೆತ್ತಿಸಬೇಡಿ. ಹೆಸರು ಬಿದ್ದ ಕೂಡಲೇ ಕಟ್ಟೆಗೆ ಒಡೆಯ ಹುಟ್ಟುತ್ತಾನೆ.

ಒಂದು ಎಚ್ಚರಿಕೆಯ ಮಾತು. ಹಣ ಇಟ್ಟು ಆಡುವುದು ಅಲ್ಲಿ ಖಂಡಿತ ಸಲ್ಲದು. ಶಿಲುಬೆಯ ಕೆಳಗೆ ಸೈನಿಕರು ಯೇಸುಸ್ವಾಮಿಯ ಅಂಗಿಗಾಗಿ ಚೀಟಿ ಹಾಕಿದರು. ಮೇಲೆ ಒಬ್ಬರು ಪ್ರಾಣ ಬಿಡುತ್ತಿದ್ದರೂ ಅವರ ಕಣ್ಣು ಲಾಭದ ಮೇಲಿತ್ತು. ಜೂಜು ಎದುರಿಗಿರುವವರ ಮುಖವನ್ನು ಮರೆಸುತ್ತದೆ, ಆಟ ಆ ಮುಖವನ್ನು ತೋರಿಸುತ್ತದೆ.

2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸರು ಸಾರ್ವಜನಿಕ ಸ್ಥಳಗಳನ್ನು ಕಾಪಾಡಬೇಕು, ಅವು ಇದು ನಮ್ಮದು ಎಂಬ ಭಾವವನ್ನು ಬೆಳೆಸುತ್ತವೆ ಎಂದು ನೆನಪಿಸಿದರು. ಪ್ರವಾದಿ ಜೆಕರ್ಯರು ದೇವರು ಹರಸಿದ ಜೆರುಸಲೇಮನ್ನು ವರ್ಣಿಸುವಾಗ (8:4-5) ಕೋಲೂರಿದ ಮುದುಕ ಮುದುಕಿಯರು ಬೀದಿಯಲ್ಲಿ ಕೂತಿರುವುದನ್ನೂ ಹುಡುಗ ಹುಡುಗಿಯರು ಅಲ್ಲೇ ಆಡುತ್ತಿರುವುದನ್ನೂ ಕಾಣಿಸುತ್ತಾರೆ.

ಚೌಕಾಬಾರದಲ್ಲಿ ಅಡ್ಡಗೆರೆಯ ಗುರುತಿನ ಮನೆಯನ್ನು ಕಟ್ಟೆ ಎನ್ನುತ್ತೇವಲ್ಲವೆ? ಅಲ್ಲಿ ಕೂತ ಕಾಯನ್ನು ಯಾರೂ ಕಡಿಯುವಂತಿಲ್ಲ. ಎದುರಾಳಿಗಳ ಕಾಯಿಗಳೂ ಅಲ್ಲಿ ಜೊತೆಯಾಗಿ ಕೂರಬಹುದು. ನಮ್ಮ ದೇವಾಲಯದ ಮುಂದಿನ ಕಟ್ಟೆಯೂ ಅಂತಹುದಾಗಲಿ.

ಮನೆಯಲ್ಲಿ ಚರ್ಚಿಸಿ:
1. ನಮ್ಮ ಬೀದಿಯಲ್ಲಿ ಎಲ್ಲರೂ ಸಮಾನವಾಗಿ ಕೂರಬಹುದಾದ ಜಾಗ ಯಾವುದು?
2. ಈ ಭಾನುವಾರ ಅಜ್ಜ ಅಜ್ಜಿಯರಿಂದ ಒಂದು ಮನೆ ಆಟವನ್ನು ಕಲಿಯೋಣವೆ?
3. ಇದುವರೆಗೆ ನಾವು ಮಾತಾಡಿಸದ ಯಾರನ್ನು ಆಟಕ್ಕೆ ಕರೆಯೋಣ?