ಮಳೆಗೆ ಮುನ್ನ ಜೀಪಿನ ಕಿಡಿ ನೋಡಿಕೊಳ್ಳಿ

ಆಷಾಢದ ಮಳೆಯ ನಡುರಾತ್ರಿ ತುಂಬುಗರ್ಭಿಣಿಯನ್ನು ಆಸ್ಪತ್ರೆಗೆ ಸಾಗಿಸಬೇಕು. ಹಳೆಯ ಪೆಟ್ರೋಲ್ ಜೀಪು ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ಈ ಪಾಡು ನಮ್ಮಲ್ಲಿ ಹಲವರಿಗೆ ಹೊಸದಲ್ಲ. ಆಗ ನಾವು ಪೆಟ್ರೋಲನ್ನು ದೂರುತ್ತೇವೆ. ಎಷ್ಟೋ ಸಲ ತಪ್ಪು ತಂತಿಯ ತುದಿಗೆ ಹಿಡಿದ ಕಿಲುಬಿನದು.

ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಡಿಸ್ಟ್ರಿಬ್ಯೂಟರ್ ಅದನ್ನು ಸರದಿಯಂತೆ ಪ್ಲಗ್ಗುಗಳಿಗೆ ಹಂಚುತ್ತದೆ. ಕಾಯಿಲಿಗೆ ಬರುವ ದಾರಿಯಲ್ಲಿ ಕಿಲುಬು ಕಟ್ಟಿದರೆ ಕಿಡಿ ಸೊರಗುತ್ತದೆ. ಕಾಯಿಲಿನಿಂದ ಮುಂದಿನ ದಾರಿಯಲ್ಲಿ ತೇವವಿದ್ದರೆ ವಿದ್ಯುತ್ತು ಪ್ಲಗ್ಗನ್ನು ಮುಟ್ಟದೆ ಸೋರಿಹೋಗುತ್ತದೆ.

ತೇವವೋ, ಕಿಲುಬೋ? ಕೀಲಿ ಆರಿಸಿ, ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನೂ ತಂತಿಗಳನ್ನೂ ಒಣಬಟ್ಟೆಯಿಂದ ಒರೆಸಿ. ಬಂಡಿ ಹೊರಟರೆ ದೋಷ ತೇವದ್ದು. ಹೊರಡದಿದ್ದರೆ ಹೀಗೆ ಪರೀಕ್ಷಿಸಬೇಕು:

1. ಬ್ಯಾಟರಿ: ಮೊದಲು ಅರ್ತ್ ತಂತಿ ಬಿಚ್ಚಿ. ಬಿಳಿ ಅಥವಾ ಹಸಿರು ಹುಡಿಯನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆಯಿರಿ. ಆ ನೀರು ಬ್ಯಾಟರಿಯೊಳಗೆ ಇಳಿಯಬಾರದು. ಒಣಗಿಸಿ ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಅರ್ತ್ ತಂತಿಯನ್ನು ಕೊನೆಗೆ ಜೋಡಿಸಿ.

2. ಕಾಯಿಲ್: ಸಣ್ಣ ತಂತಿಗಳ ತುದಿಯಲ್ಲಿ ಹಸಿರು ಕಿಲುಬಿದ್ದರೆ ಮರಳುಕಾಗದದಿಂದ ಉಜ್ಜಿ ಬಿಗಿಯಿರಿ.

3. ಡಿಸ್ಟ್ರಿಬ್ಯೂಟರ್: ಮುಚ್ಚಳದ ಒಳಗಿನ ಲೋಹದ ತುದಿಗಳಲ್ಲಿ ಹುಡಿ ಕಟ್ಟಿದ್ದರೆ ಮೆಲ್ಲಗೆ ಕೆರೆದು ತೆಗೆಯಿರಿ. ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಮುಚ್ಚಳ ಬದಲಿಸುವುದೇ ಲೇಸು. ಕಿಡಿ ಆ ಗೆರೆ ಹಿಡಿದು ದಾರಿ ತಪ್ಪುತ್ತದೆ. ಪಾಯಿಂಟುಗಳಲ್ಲಿ ಗುಳಿ ಬಿದ್ದಿದ್ದರೆ ಹೊಸತು ಹಾಕಿಸಿ.

4. ಪ್ಲಗ್ಗಿನ ತಂತಿಗಳು: ಕೀಳುವ ಮೊದಲು ಒಂದೊಂದಕ್ಕೂ ನಂಬರು ಹಾಕಿ. ಸರದಿ ತಪ್ಪಿದರೆ ಎಂಜಿನ್ ಸರಿಯಾಗಿ ನಡೆಯದು. ಎಂಜಿನ್ ತಿರುಗುವಾಗ ಇವನ್ನು ಮುಟ್ಟಲೇಬಾರದು. ಬಿರುಕು ಬಿಟ್ಟ ತಂತಿಯನ್ನು ಬದಲಿಸಬೇಕು.

ಡೀಸೆಲ್ ಬಂಡಿಗೆ ಪ್ಲಗ್ಗಿನ ಕಿಡಿ ಬೇಕಿಲ್ಲ, ಆದರೆ ಬ್ಯಾಟರಿಯ ಮಾತು ಅದಕ್ಕೂ ಸಲ್ಲುತ್ತದೆ. ಡಿಸ್ಟ್ರಿಬ್ಯೂಟರ್ ಇಲ್ಲದ ಹೊಸ ಕಾರುಗಳನ್ನು ಮೆಕ್ಯಾನಿಕ್ಕಿಗೆ ಒಪ್ಪಿಸುವುದು ಒಳ್ಳೆಯದು.

ಬೋರ್ಡೋ ಸಿಂಪಡಿಸುವ ಪೆಟ್ರೋಲ್ ಪಂಪನ್ನು ಮರೆಯಬೇಡಿ. ಮೈಲುತುತ್ತದ ನೀರು ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ. ದಿನದ ಕೆಲಸ ಮುಗಿದು ಎಂಜಿನ್ ತಣಿದ ಮೇಲೆ ಹೊರಮೈಯನ್ನೂ ಪ್ಲಗ್ಗಿನ ಟೊಪ್ಪಿಯನ್ನೂ ಒರೆಸಿಡಿ. ಮಳೆ ಹೊಳವಾದ ಎರಡು ದಿನಗಳಲ್ಲಿ ಪಂಪು ಕೈಕೊಟ್ಟರೆ ಕೊಳೆರೋಗ ಕಾಯುವುದಿಲ್ಲ.

ಕೊಳೆ ಬರುವ ಮೊದಲೇ ಮದ್ದು ಹೊಡೆಯಬೇಕೆಂದು ನಾವೆಲ್ಲ ಬಲ್ಲೆವು. ಬಂಡಿಗೂ ಅದೇ ನಿಯಮ. ಮೇ ತಿಂಗಳ ಒಂದು ಬೆಳಗನ್ನು ಇದಕ್ಕೆ ಮೀಸಲಿಡೋಣ.