ಬಾವಲಿಗಳ ಲೋಕ: ಗೋಲ್ಕೊಂಡದಿಂದ ಕೋಲಾರದವರೆಗೆ

ಹೈದರಾಬಾದಿನ ಗೋಲ್ಕೊಂಡ ಕೋಟೆಯನ್ನು ನೋಡಲು ಹೋಗುವ ಪ್ರವಾಸಿಗರು ಕತ್ತಲು ತುಂಬಿದ ಕೆಲವು ಕೊಠಡಿಗಳ ಬಾಗಿಲಲ್ಲಿಯೇ ಮೂಗು ಮುಚ್ಚಿಕೊಂಡು ಹಿಂದಿರುಗುವುದುಂಟು. ಒಳಗಿನಿಂದ ಬರುವ ಆ ಕಟುವಾಸನೆ ಬಾವಲಿಗಳ ಹಿಕ್ಕೆಯದು. ಕುತುಬ್ ಶಾಹಿ ಅರಸರು ಬಿಟ್ಟುಹೋದ ಕಮಾನುಗಳ ಬಿರುಕುಗಳಲ್ಲಿ ಹಗಲೆಲ್ಲ ತಲೆಕೆಳಗಾಗಿ ತೂಗುವ ಈ ಜೀವಿಗಳು ಸೂರ್ಯಾಸ್ತದ ನಂತರ ಹೊರಬೀಳುತ್ತವೆ. ಆ ಹೊತ್ತಿಗೆ ಪ್ರವಾಸಿಗರು ಬಹುಪಾಲು ಮನೆಯ ದಾರಿ ಹಿಡಿದಿರುತ್ತಾರೆ. ನಿಜವಾಗಿ ನೋಡಬೇಕಾದುದು ಆಗಲೇ ಆರಂಭವಾಗುತ್ತದೆ.

ಬಾವಲಿಯು ಪಕ್ಷಿಯಲ್ಲ, ಮರಿ ಹಾಕಿ ಹಾಲೂಡುವ ಸಸ್ತನಿ. ಅದರ ರೆಕ್ಕೆಯೆಂದರೆ ಉದ್ದನೆಯ ಬೆರಳುಗಳ ನಡುವೆ ಹರಡಿದ ತೆಳುವಾದ ತೊಗಲು. ತೊಗಲುಬಾವಲಿ ಎಂಬ ಕನ್ನಡದ ಹೆಸರು ಈ ರಚನೆಯನ್ನು ಯಥಾವತ್ತಾಗಿ ಹೇಳುತ್ತದೆ. ಪ್ರಪಂಚದಲ್ಲಿ 1,400ಕ್ಕೂ ಹೆಚ್ಚು ಪ್ರಭೇದಗಳಿದ್ದು, ಅವುಗಳಲ್ಲಿ ಬಹುಪಾಲು ಉಷ್ಣವಲಯದಲ್ಲಿಯೇ ವಾಸಿಸುತ್ತವೆ. ಭಾರತದಲ್ಲಿ ಸುಮಾರು 130 ಪ್ರಭೇದಗಳಿವೆ. ಸಾಮಾನ್ಯ ವೀಕ್ಷಕನು ಇವುಗಳನ್ನು ಮೊದಲು ಎರಡು ಗುಂಪುಗಳಾಗಿ ಗುರುತಿಸಿಕೊಂಡರೆ ಸಾಕು: ಹಣ್ಣು ಮತ್ತು ಮಕರಂದವನ್ನು ಅವಲಂಬಿಸಿದವು, ಕೀಟಗಳನ್ನು ಬೇಟೆಯಾಡುವವು.

ಹಣ್ಣು ತಿನ್ನುವವುಗಳಲ್ಲಿ ಅತಿ ದೊಡ್ಡದು ನಮ್ಮ ದೊಡ್ಡ ಬಾವಲಿ. ರೆಕ್ಕೆ ಚಾಚಿದಾಗ ಇದರ ಅಗಲ ಒಂದು ಮೀಟರನ್ನು ಮೀರುತ್ತದೆ. ಇದು ಗುಹೆಯನ್ನು ಆಶ್ರಯಿಸುವುದಿಲ್ಲ. ಆಲ, ಅರಳಿ, ಹುಣಸೆ ಮೊದಲಾದ ಎತ್ತರದ ಮರಗಳಲ್ಲಿ ಬಯಲಿಗೇ ನೇತಾಡುತ್ತದೆ. ಸಂಜೆ ಒಂದೇ ದಿಕ್ಕಿಗೆ, ನಿಧಾನವಾಗಿ ರೆಕ್ಕೆ ಬಡಿಯುತ್ತ ಸಾಲಾಗಿ ಸಾಗುವ ದೊಡ್ಡ ಆಕೃತಿಗಳು ಕಂಡರೆ ಅವು ಇವೇ. ಇದಕ್ಕಿಂತ ಬಹಳ ಚಿಕ್ಕದಾದ ಮೊಂಡುಮೂಗಿನ ಹಣ್ಣುಬಾವಲಿಯು ನಗರದ ನಡುವೆಯೂ ಬದುಕಬಲ್ಲದು. ತಾಳೆಯ ಗರಿಗಳನ್ನೋ, ರಸ್ತೆಬದಿಯ ಕಂಬದಂತಹ ಅಶೋಕಮರದ ಎಲೆಗಳನ್ನೋ ಕಡಿದು ಬಾಗಿಸಿ, ಅದರೊಳಗೆ ಡೇರೆಯಂತಹ ಮರೆಯನ್ನು ಮಾಡಿಕೊಳ್ಳುತ್ತದೆ. ಬೆಳಗ್ಗೆ ಮನೆಯ ಪಡಸಾಲೆಯಲ್ಲಿ ಜಗಿದು ಉಗುಳಿದ ಹಣ್ಣಿನ ನಾರು, ಬಾದಾಮಿ ಮರದ ಕಾಯಿಗಳು ಬಿದ್ದಿದ್ದರೆ ರಾತ್ರಿಯ ಅತಿಥಿಯ ವಿಷಯದಲ್ಲಿ ಸಂಶಯವಿರುವುದಿಲ್ಲ.

ಕೀಟಾಹಾರಿಗಳನ್ನು ಗುರುತಿಸುವುದು ಇಷ್ಟು ಸುಲಭವಲ್ಲ. ದೀಪದ ಕಂಬದ ಸುತ್ತ ಅಂಕುಡೊಂಕಾಗಿ ಸುಳಿಯುವ, ಕೆಲವೇ ಗ್ರಾಂ ತೂಕದ ಪುಟ್ಟ ಬಾವಲಿಗಳನ್ನು ಎಲ್ಲರೂ ಕಂಡಿರುತ್ತಾರೆ. ದಖನ್ನಿನ ಹಳೆಯ ಕೋಟೆ, ಗೋರಿಗಳಲ್ಲಿ ಇಲಿಯ ಬಾಲದಂತಹ ಉದ್ದ ಬಾಲವುಳ್ಳ ಒಂದು ಜಾತಿಯಿದೆ. ಎತ್ತರದಲ್ಲಿ ವೇಗವಾಗಿ ಹಾರುವ ಗೋರಿಬಾವಲಿಗಳೂ ಇವೆ. ಇವು ತಾವು ಹೊರಡಿಸಿದ ಶ್ರವಣಾತೀತ ಧ್ವನಿಯ ಮರುದನಿಯನ್ನು ಆಲಿಸಿ ದಾರಿಯನ್ನೂ ಬೇಟೆಯನ್ನೂ ಅರಿಯುತ್ತವೆ. ಅಮೆರಿಕದ ಡೊನಾಲ್ಡ್ ಗ್ರಿಫಿನ್ ಮತ್ತು ಅವರ ಸಹೋದ್ಯೋಗಿ ಈ ಧ್ವನಿಯನ್ನು ಉಪಕರಣದಲ್ಲಿ ಮೊದಲ ಬಾರಿಗೆ ಗುರುತಿಸಿದುದು 1938ರಲ್ಲಿ. ಬಾವಲಿಗೆ ಕಣ್ಣು ಕಾಣದೆಂಬುದು ಕೇವಲ ಜನಜನಿತ ತಪ್ಪುಕಲ್ಪನೆ. ದೊಡ್ಡ ಬಾವಲಿಯಂತೂ ದೃಷ್ಟಿ ಹಾಗೂ ಘ್ರಾಣಗಳನ್ನೇ ನೆಚ್ಚಿ ಆಹಾರವನ್ನು ಹುಡುಕುತ್ತದೆ.

ಗೋಲ್ಕೊಂಡದ ನಯಾ ಕಿಲಾ ಆವರಣದಲ್ಲಿ ‘ಹಾಥಿಯಾನ್ ಕಾ ಝಾಡ್’ ಎಂಬ ಪ್ರಸಿದ್ಧ ಮರವಿದೆ. ಹಲವು ಶತಮಾನಗಳಷ್ಟು ಹಳೆಯದೆಂದು ಹೇಳಲಾಗುವ ಇದು ಆಫ್ರಿಕ ಮೂಲದ ಬಾವೊಬಾಬ್. ಸವಣೂರಿನ ದೊಡ್ಡಹುಣಸೆ ಮರಗಳೂ ಇದೇ ಜಾತಿಯವು. ಇದರ ದೊಡ್ಡ ಬಿಳಿಯ ಹೂವುಗಳು ಸಂಜೆ ಅರಳಿ ಮರುದಿನ ಬಾಡುತ್ತವೆ. ಮಕರಂದಕ್ಕಾಗಿ ಬರುವ ಹಣ್ಣುಬಾವಲಿಗಳು ಮೈಗೆ ಪರಾಗವನ್ನು ಮೆತ್ತಿಕೊಂಡು ಹೂವಿನಿಂದ ಹೂವಿಗೆ ಸಾಗುತ್ತವೆ. ಬೂರುಗ, ಹಿಪ್ಪೆಯಂತಹ ಮರಗಳಿಗೂ ಬಾವಲಿಗಳಿಂದ ಉಪಕಾರವಿದೆ. ಕೀಟಾಹಾರಿಗಳು ಹೊಲಗಳ ಮೇಲೆ ಹಾರಾಡುತ್ತ ಪೈರಿಗೆ ಹಾನಿ ಮಾಡುವ ಪತಂಗಗಳನ್ನು ತಿನ್ನುತ್ತವೆ.

ಇಷ್ಟಾದರೂ ಬಾವಲಿಯು ಅಪಶಕುನವೆಂಬ ಭಾವನೆ ಹೋಗಿಲ್ಲ. ತೆಲುಗಿನ ಕವಿ ಗುರ್ರಂ ಜಾಷುವಾ ಮಾತ್ರ 1941ರ ‘ಗಬ್ಬಿಲಂ’ ಕಾವ್ಯದಲ್ಲಿ ಈ ಭಾವನೆಯನ್ನೇ ತಿರುಗಿಸಿ ನಿಲ್ಲಿಸಿದರು. ಅಲ್ಲಿ ದೇವಾಲಯಕ್ಕೆ ಪ್ರವೇಶವಿಲ್ಲದ ಅಸ್ಪೃಶ್ಯನೊಬ್ಬನು, ಗುಡಿಯೊಳಗೆ ತಡೆಯಿಲ್ಲದೆ ಹೋಗಬಲ್ಲ ಬಾವಲಿಯ ಮೂಲಕ ಶಿವನಿಗೆ ತನ್ನ ಅಹವಾಲನ್ನು ಕಳುಹಿಸುತ್ತಾನೆ. ಕಾನೂನು ಈ ಔದಾರ್ಯವನ್ನು ತೋರಲು ಬಹಳ ಕಾಲ ಹಿಡಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹಣ್ಣುಬಾವಲಿಗಳನ್ನು ಇಲಿ, ಕಾಗೆಗಳೊಂದಿಗೆ ಉಪದ್ರವಕಾರಿಗಳ ಪಟ್ಟಿಯಲ್ಲಿ ಇರಿಸಿತ್ತು. 2022ರ ತಿದ್ದುಪಡಿಯು ಆ ಅನುಸೂಚಿಯನ್ನೇ ಕೈಬಿಟ್ಟಿತು. ದೊಡ್ಡ ಬಾವಲಿಗೆ ಈಗ ಕಾನೂನಿನ ರಕ್ಷಣೆಯಿದೆ.

ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರಜ್ಞರಾದ ಚೆಲ್ಮಲ ಶ್ರೀನಿವಾಸುಲು ಮತ್ತು ಭಾರ್ಗವಿ ಶ್ರೀನಿವಾಸುಲು ದಕ್ಷಿಣ ಭಾರತದ ಬಾವಲಿಗಳನ್ನು ಕುರಿತು ದೀರ್ಘಕಾಲ ಅಧ್ಯಯನ ನಡೆಸಿದ್ದಾರೆ. ಈ ಅಧ್ಯಯನವು ಅವರನ್ನು ಕರ್ನಾಟಕದ ಕೋಲಾರ ಜಿಲ್ಲೆಗೂ ಕರೆತಂದಿತು. ಕೋಲಾರದ ಎಲೆಮೂಗಿನ ಬಾವಲಿಯನ್ನು ವಿಜ್ಞಾನಿಗಳು ಪ್ರತ್ಯೇಕ ಪ್ರಭೇದವೆಂದು ವರ್ಣಿಸಿದುದು 1994ರಲ್ಲಿ. ತೇರಹಳ್ಳಿಯಲ್ಲಿದ್ದ ಅದರ ನೆಲೆ ಕಲ್ಲುಗಣಿಗಾರಿಕೆಯ ಕಾಲದಲ್ಲಿ ಬರಿದಾಯಿತು. ಈಗ ತಿಳಿದಿರುವಂತೆ ಇಡೀ ಜಗತ್ತಿನಲ್ಲಿ ಅದರ ವಾಸ ಹನುಮನಹಳ್ಳಿಯ ಒಂದೇ ಗುಹೆಯಲ್ಲಿ. ಸಂಖ್ಯೆ ಇನ್ನೂರನ್ನೂ ಮುಟ್ಟದೆಂಬುದು ಸಮೀಕ್ಷಕರ ಅಂದಾಜು. 2016ರಲ್ಲಿ ಇದನ್ನು ತೀವ್ರ ಅಳಿವಿನಂಚಿನ ಪ್ರಭೇದವೆಂದು ಅಂತಾರಾಷ್ಟ್ರೀಯ ಕೆಂಪುಪಟ್ಟಿಗೆ ಸೇರಿಸಲಾಯಿತು. ಒಂದು ಬಂಡೆಯನ್ನು ಸಿಡಿಸಿದರೆ ಒಂದು ಪ್ರಭೇದವೇ ಮುಗಿದುಹೋಗಬಹುದಾದ ಸ್ಥಿತಿ ಇದು.

ವೀಕ್ಷಕರು ಈ ಕಾರಣಕ್ಕಾಗಿ ಗುಹೆಯನ್ನಾಗಲಿ ಕತ್ತಲ ಕೊಠಡಿಯನ್ನಾಗಲಿ ಪ್ರವೇಶಿಸಬಾರದು. ಹೆಣ್ಣುಬಾವಲಿ ಸಾಮಾನ್ಯವಾಗಿ ಒಂದು ಬಾರಿಗೆ ಒಂದೇ ಮರಿಯನ್ನು ಹೆರುತ್ತದೆ. ಟಾರ್ಚಿನ ಬೆಳಕಿಗೂ ಗದ್ದಲಕ್ಕೂ ಬೆದರಿ ತಾಯಿ ಹಾರಿದಾಗ ಮರಿ ಕೆಳಗೆ ಬೀಳಬಹುದು. ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮೊದಲು ಹೊರಗೆ, ದೂರದಲ್ಲಿ ಕುಳಿತು, ಬೆಳಕಿರುವ ಪಶ್ಚಿಮದ ಆಕಾಶಕ್ಕೆ ಎದುರಾಗಿ ದುರ್ಬೀನು ಹಿಡಿಯುವುದು ಉತ್ತಮ ಕ್ರಮ. ಹೊರಬಿದ್ದ ವೇಳೆ, ದಿಕ್ಕು, ಅಂದಾಜು ಸಂಖ್ಯೆಗಳನ್ನು ತಿಂಗಳುಗಟ್ಟಲೆ ಬರೆದಿಟ್ಟರೆ ಅದು ಸಂಶೋಧಕರಿಗೂ ಉಪಯುಕ್ತ.

ಬಿದ್ದ ಬಾವಲಿಯನ್ನು ಬರಿಗೈಯಿಂದ ಮುಟ್ಟಕೂಡದು. ಕಚ್ಚಿದರೆ ಗಾಯವನ್ನು ಸೋಪು ಹಾಗೂ ನೀರಿನಿಂದ ಚೆನ್ನಾಗಿ ತೊಳೆದು ತಡಮಾಡದೆ ವೈದ್ಯರನ್ನು ಕಾಣಬೇಕು. 2018ರಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ನಿಪಾ ರೋಗವು ಕಾಣಿಸಿಕೊಂಡ ನಂತರ ಹಣ್ಣುಬಾವಲಿಗಳ ಬಗ್ಗೆ ಭೀತಿ ಹೆಚ್ಚಿತು. ಆ ವೈರಾಣು ಅವುಗಳಲ್ಲಿ ಇರಬಲ್ಲದೆಂಬುದು ನಿಜ. ಆದರೆ ಮರಗಳನ್ನು ಕಡಿದು, ಪಟಾಕಿ ಸಿಡಿಸಿ ಓಡಿಸಿದರೆ ಬೆದರಿದ ಗುಂಪು ಹೊಸ ತೋಪುಗಳಿಗೆ, ಹೊಸ ಊರುಗಳಿಗೆ ಚದುರುತ್ತದೆ. ಬಾವಲಿ ಕಚ್ಚಿದ ಹಣ್ಣನ್ನು ಎಸೆಯುವುದು, ಉಳಿದವುಗಳನ್ನು ತೊಳೆದು ಸಿಪ್ಪೆ ತೆಗೆದು ತಿನ್ನುವುದು, ಹೆಂಡ ಇಳಿಸುವ ಮಡಕೆಯ ಬಾಯಿಗೆ ಮುಚ್ಚಳ ಕಟ್ಟುವುದು ಇದಕ್ಕಿಂತ ಅಗ್ಗದ ಹಾಗೂ ಫಲಕಾರಿಯಾದ ಉಪಾಯಗಳು.