ತೈಲ ಮತ್ತು ಅನಿಲ ಬಾವಿ ಕೊರೆತ: ಒತ್ತಡ ಸಮತೋಲನದ ಮೂಲತತ್ತ್ವಗಳು

ಕರ್ನಾಟಕದಲ್ಲಿ ತೈಲ ಉತ್ಪಾದಿಸುವ ಬಾವಿಗಳಿಲ್ಲ. ಆದರೆ ಅಂತಹ ಬಾವಿಗಳಿಗೆ ಬೇಕಾಗುವ ವಾಲ್ವ್, ಫ್ಲ್ಯಾಂಜ್, ಎರಕದ ಬಿಡಿಭಾಗಗಳಂತಹ ಕೆಲಸ ಹುಬ್ಬಳ್ಳಿ, ಬೆಳಗಾವಿ, ಪೀಣ್ಯಗಳ ಕಾರ್ಯಾಗಾರಗಳಿಗೆ ಹೊಸದಲ್ಲ. ಈ ಮಾರುಕಟ್ಟೆಯನ್ನು ಪ್ರವೇಶಿಸಬಯಸುವ ಉದ್ಯಮಿಯು ಬಿಡಿಭಾಗದ ನಕ್ಷೆಯನ್ನಷ್ಟೇ ಅಲ್ಲ, ಅದು ತಡೆಯಬೇಕಾದ ಒತ್ತಡವನ್ನೂ ಅರಿತಿರುವುದು ಅಗತ್ಯ.

ಕೊರೆಯುವ ವಿಧಾನ

ನಮ್ಮ ಗಟ್ಟಿ ಶಿಲೆಯ ಪ್ರದೇಶದ ಕೊಳವೆಬಾವಿಗಳಲ್ಲಿ ಸಾಮಾನ್ಯವಾಗಿ ಸಂಕುಚಿತ ಗಾಳಿಯೇ ಸುತ್ತಿಗೆಯನ್ನು ಬಡಿಯುತ್ತದೆ, ಕಲ್ಲಿನ ಪುಡಿಯನ್ನೂ ಮೇಲಕ್ಕೆ ತಳ್ಳುತ್ತದೆ. ತೈಲ ಬಾವಿಯಲ್ಲಿ ಗಾಳಿಯ ಬದಲು ಸಾಮಾನ್ಯವಾಗಿ ‘ಮಡ್’ ಎಂಬ ಕೆಸರುದ್ರವವನ್ನು ಕೊರೆಕೊಳವೆಯ ಮೂಲಕ ಕೆಳಗಿಳಿಸಲಾಗುತ್ತದೆ. ಅದು ಬಿಟ್ಟನ್ನು ತಂಪಾಗಿಸಿ, ಕಲ್ಲಿನ ಚೂರುಗಳನ್ನು ಹೊತ್ತು ಕೊಳವೆಯ ಹೊರಬದಿಯಿಂದ ಮೇಲೇರುತ್ತದೆ. ಇದಕ್ಕಿಂತ ಮುಖ್ಯವಾದ ಅದರ ಕಾರ್ಯವೆಂದರೆ ತನ್ನ ತೂಕದಿಂದ ಭೂಗರ್ಭದ ಒತ್ತಡವನ್ನು ಅದುಮಿಡುವುದು.

ಒತ್ತಡದ ಲೆಕ್ಕ

ಪ್ರತಿ 10 ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಒತ್ತಡ ಉಂಟುಮಾಡುತ್ತದೆ. ಅಂದರೆ 3,000 ಮೀಟರ್ ಆಳದಲ್ಲಿ ಅದು ಸುಮಾರು 300 ಕಿಲೋಗ್ರಾಂ. ಅಲ್ಲಿನ ಶಿಲಾರಂಧ್ರಗಳಲ್ಲಿರುವ ದ್ರವದ ಒತ್ತಡ 330 ಎಂದೂ, 420ರಲ್ಲಿ ಶಿಲೆ ಬಿರಿಯುವುದೆಂದೂ ಭಾವಿಸೋಣ. ಆಗ ಮಡ್‌ನ ಸಾಪೇಕ್ಷ ಸಾಂದ್ರತೆ 1.1 ಮತ್ತು 1.4ರ ನಡುವೆ ಇರಬೇಕಾಗುತ್ತದೆ. ಕಡಿಮೆಯಾದರೆ ಅನಿಲ ಬಾವಿಯೊಳಗೆ ನುಗ್ಗುತ್ತದೆ. ಹೆಚ್ಚಾದರೆ ಶಿಲೆ ಬಿರಿದು ಮಡ್ ಸೋರಿಹೋಗುತ್ತದೆ. ಸಾಂದ್ರತೆ ಹೆಚ್ಚಿಸಲು ಬೆರೆಸುವ ಬೆರೈಟ್ ಖನಿಜದ ಸಾಪೇಕ್ಷ ಸಾಂದ್ರತೆ ಸುಮಾರು 4.2. ಆಂಧ್ರಪ್ರದೇಶದ ಮಂಗಂಪೇಟೆ ಇದರ ಪ್ರಸಿದ್ಧ ನಿಕ್ಷೇಪ.

ಕೇಸಿಂಗ್ ಏಕೆ?

ಅದೇ ಬಾವಿಯನ್ನು 4,000 ಮೀಟರಿಗೆ ಇಳಿಸಿದಾಗ ಅಲ್ಲಿನ ಒತ್ತಡ 600 ಇದ್ದರೆ, ಕನಿಷ್ಠ 1.5 ಸಾಂದ್ರತೆಯ ಮಡ್ ಬೇಕು. ಆದರೆ ಅದು 3,000 ಮೀಟರಿನಲ್ಲಿ 450ರ ಒತ್ತಡ ಹೇರಿ ಮೇಲಿನ ಶಿಲೆಯನ್ನು ಬಿರಿಸುತ್ತದೆ. ಆದ್ದರಿಂದ ಮುಂದೆ ಕೊರೆಯುವ ಮೊದಲೇ ಮೇಲಿನ ಭಾಗಕ್ಕೆ ಉಕ್ಕಿನ ಕೇಸಿಂಗ್ ಇಳಿಸಿ, ಅದರ ಹೊರಬದಿಗೆ ಸಿಮೆಂಟ್ ತುಂಬಲಾಗುತ್ತದೆ. ಬಾವಿಯ ಬಾಯಲ್ಲಿ ಕೂರಿಸುವ ಬ್ಲೋಔಟ್ ಪ್ರಿವೆಂಟರ್ ಮತ್ತೊಂದು ತಡೆ.

ಈ ತಡೆಗಳು ಕೈಕೊಟ್ಟಾಗ ತೆರಬೇಕಾದ ಬೆಲೆ ಅಪಾರ. 2020ರ ಮೇ 27ರಂದು ಅಸ್ಸಾಮಿನ ಬಾಗ್‌ಜಾನ್‌ನಲ್ಲಿ ದುರಸ್ತಿಯಲ್ಲಿದ್ದ ಅನಿಲ ಬಾವಿಯೊಂದು ಹತೋಟಿ ತಪ್ಪಿತು. ಜೂನ್ 9ರಂದು ಬೆಂಕಿ ಹೊತ್ತಿಕೊಂಡು ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಮೃತಪಟ್ಟರು. ಬಾವಿ ಹತೋಟಿಗೆ ಬಂದದ್ದು ನವೆಂಬರಿನಲ್ಲಿ.

ತಯಾರಕರು ಗಮನಿಸಬೇಕಾದ ಅಂಶಗಳು

ಮೊದಲನೆಯದು ಮಾನಕ. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ ಮಾನಕಗಳು ಈ ಉದ್ಯಮದಲ್ಲಿ ವ್ಯಾಪಕ ಬಳಕೆಯಲ್ಲಿವೆ. ಕೇಸಿಂಗ್‌ಗೆ 5ಸಿಟಿ, ಅದರ ಮರೆಗಳಿಗೆ 5ಬಿ, ಬಾವಿಬಾಯಿಯ ಉಪಕರಣಗಳಿಗೆ 6ಎ ಅನ್ವಯಿಸುತ್ತವೆ.

ಎರಡನೆಯದು ಲೋಹದ ಗಡಸುತನ. ಗಡಸಾದಷ್ಟೂ ಒಳ್ಳೆಯದೆಂಬ ಭಾವನೆ ಇಲ್ಲಿ ಅಪಾಯಕಾರಿ. ಹೈಡ್ರೋಜನ್ ಸಲ್ಫೈಡ್ ಇರುವ ಬಾವಿಗಳಲ್ಲಿ ಅತಿ ಗಡಸು ಉಕ್ಕು ಹಠಾತ್ತನೆ ಸೀಳುತ್ತದೆ. ಆದಕಾರಣ ಐಎಸ್‌ಒ 15156 ಮಾನಕವು ಸಾಮಾನ್ಯ ಇಂಗಾಲದ ಉಕ್ಕಿಗೆ ರಾಕ್‌ವೆಲ್ ಸಿ ಅಳತೆಯಲ್ಲಿ 22ರ ಮಿತಿಯನ್ನು ವಿಧಿಸಿದೆ.

ಮೂರನೆಯದು ದಾಖಲೆ. ಪ್ರತಿ ಬಿಡಿಭಾಗವು ಯಾವ ಹೀಟ್ ನಂಬರಿನ ಉಕ್ಕಿನಿಂದ ತಯಾರಾಯಿತು, ಯಾವ ಉಷ್ಣೋಪಚಾರ ಪಡೆಯಿತು, ಯಾವ ಪರೀಕ್ಷೆಗೆ ಒಳಗಾಯಿತು ಎಂಬುದು ಕಡತದಲ್ಲಿರಬೇಕು. ದಾಖಲೆಯಿಲ್ಲದ ಭಾಗ ಎಷ್ಟೇ ನಯವಾಗಿದ್ದರೂ ತಿರಸ್ಕೃತವಾಗಬಹುದು.

ಆದುದರಿಂದ ದರಪಟ್ಟಿ ಸಲ್ಲಿಸುವ ಮುನ್ನ ಖರೀದಿದಾರರಿಂದ ಕಾರ್ಯಒತ್ತಡ, ಉಷ್ಣತೆ ಹಾಗೂ ಹೈಡ್ರೋಜನ್ ಸಲ್ಫೈಡ್ ಇರುವಿಕೆಯನ್ನು ಲಿಖಿತವಾಗಿ ಕೇಳಿ ಪಡೆಯುವುದು ಸೂಕ್ತ. ಸಾಮಗ್ರಿಯ ಆಯ್ಕೆ, ಪರೀಕ್ಷೆಯ ವೆಚ್ಚ ಹಾಗೂ ಲಾಭದ ಅಂಶ ಇವೆಲ್ಲವೂ ಈ ಮೂರು ಉತ್ತರಗಳನ್ನೇ ಅವಲಂಬಿಸಿವೆ.